ಒಂದೇ ವಿಳಾಸ, ಹಲವು ಯಂತ್ರ: ಲಿನಕ್ಸ್ ಗೇಟ್‌ವೇಯಲ್ಲಿ ನ್ಯಾಟ್ ಕೂರಿಸುವುದು ಹೇಗೆ, ಅದು ಕೆಲಸ ಮಾಡುವುದು ಹೇಗೆ

ಇಂಟರ್ನೆಟ್ ಕಂಪನಿ ಒಂದು ಮನೆಗೋ ಸಣ್ಣ ಕಚೇರಿಗೋ ಕೊಡುವುದು ಸಾಮಾನ್ಯವಾಗಿ ಒಂದೇ ಒಂದು ಐಪಿವಿ4 ವಿಳಾಸ. ಒಳಗಿರುವ ಯಂತ್ರಗಳು ಹತ್ತೋ ಇಪ್ಪತ್ತೋ, ಕೆಲವೆಡೆ ಇನ್ನೂರೋ. ಇವೆಲ್ಲ ಒಂದರ ಮಾತು ಇನ್ನೊಂದಕ್ಕೆ ತಲುಪಿ ಗೊಂದಲವಾಗದಂತೆ, ಆ ಒಂದೇ ವಿಳಾಸದಿಂದ ಹೊರಗಿನವರ ಜೊತೆ ವ್ಯವಹರಿಸಬೇಕು. ಅದನ್ನು ಸಾಧಿಸುವ ಉಪಾಯಕ್ಕೆ ನೆಟ್‌ವರ್ಕ್ ಅಡ್ರೆಸ್ ಟ್ರಾನ್ಸ್‌ಲೇಶನ್, ಚಿಕ್ಕದಾಗಿ ನ್ಯಾಟ್, ಎಂದು ಹೆಸರು. ಅಂಗಡಿಯಲ್ಲಿ ಸಿಗುವ ವೈಫೈ ರೂಟರ್ ಇದನ್ನು ಕೇಳದೆಯೇ ಮಾಡಿಕೊಡುತ್ತದೆ. ಫೋನಿನಲ್ಲಿ ಹಾಟ್‌ಸ್ಪಾಟ್ ಒತ್ತಿದಾಗಲೂ ನಡೆಯುವುದು ಇದೇ. ಆಂಡ್ರಾಯ್ಡ್ ಒಳಗಿರುವುದು ಲಿನಕ್ಸ್ ಕರ್ನಲ್ಲೇ (ವ್ಯವಸ್ಥೆಯ ತಿರುಳು) ಆದ್ದರಿಂದ, ಮುಂದೆ ವಿವರಿಸುವ ವ್ಯವಸ್ಥೆಯೇ ನಿಮ್ಮ ಜೇಬಿನಲ್ಲೂ ಓಡುತ್ತಿರುತ್ತದೆ.

ಎರಡು ನೆಟ್‌ವರ್ಕ್ ಕಾರ್ಡ್ ಇರುವ ಹಳೆಯ ಕಂಪ್ಯೂಟರೊಂದಕ್ಕೆ ಡೆಬಿಯನ್ ಎಂಬ ಲಿನಕ್ಸ್ ಹಾಕಿ ಇದೇ ಕೆಲಸವನ್ನು ಕೈಯಾರೆ ಮಾಡಿ ನೋಡುವುದು ನೆಟ್‌ವರ್ಕಿಂಗ್ ಕಲಿಯಲು ನನಗೆ ಗೊತ್ತಿರುವ ಅತ್ಯುತ್ತಮ ದಾರಿ. ತೊಂದರೆಯೆಂದರೆ, ಇದಕ್ಕೆ ಸಿಗುವ ಹೆಚ್ಚಿನ ಮಾರ್ಗದರ್ಶಿಗಳು ಮೂರು ಆಜ್ಞೆ ಕೊಟ್ಟು ಅಂಟಿಸಿ ಎನ್ನುತ್ತವೆ. ಅಂಟಿಸಿದರೆ ಇಂಟರ್ನೆಟ್ ಬರುತ್ತದೆ ನಿಜ. ಆದರೆ ಮರುವಾರ ವಿಡಿಯೋ ಕರೆಯಲ್ಲಿ ಒಂದು ಕಡೆಯ ದನಿ ಮಾತ್ರ ಕೇಳಿಸಿದಾಗ, ಕೆಲವು ತಾಣ ತೆರೆದು ಕೆಲವು ತೆರೆಯದಿದ್ದಾಗ, ಆ ಮೂರು ಆಜ್ಞೆಗಳು ಏನನ್ನೂ ಹೇಳಿಕೊಡುವುದಿಲ್ಲ. ನ್ಯಾಟ್‌ನ ಜೀವಾಳ ಇರುವುದು ಕರ್ನಲ್ ಇಟ್ಟುಕೊಳ್ಳುವ ಒಂದು ಟೇಬಲ್ಲಿನಲ್ಲಿ. ಆ ಟೇಬಲ್ ಅರ್ಥವಾದರೆ ಆಜ್ಞೆಗಳು ತಾವಾಗಿ ಅರ್ಥವಾಗುತ್ತವೆ, ತೊಂದರೆಗಳೂ ಅಷ್ಟೆ.

ಉದಾಹರಣೆಗೆ ಒಂದು ಜೋಡಣೆ ಇಟ್ಟುಕೊಳ್ಳೋಣ. ಗೇಟ್‌ವೇ ಎಂದರೆ ಒಳಜಾಲಕ್ಕೂ ಇಂಟರ್ನೆಟ್ಟಿಗೂ ನಡುವೆ ನಿಲ್ಲುವ ಯಂತ್ರ. ಅದರ ಹೊರಗಿನ ಕಾರ್ಡಿಗೆ ವ್ಯಾನ್0 ಎಂದೂ ಒಳಗಿನದಕ್ಕೆ ಲ್ಯಾನ್0 ಎಂದೂ ಹೆಸರಿಡೋಣ. ಹೊರಗಿನ ವಿಳಾಸ 203.0.113.5. ಒಳಗಿನ ವಿಳಾಸ 192.168.10.1, ಜಾಲ 192.168.10.0/24, ಅಂದರೆ 192.168.10ರಿಂದ ಶುರುವಾಗುವ ವಿಳಾಸಗಳೆಲ್ಲ. ಒಳಗಿನ ಲ್ಯಾಪ್‌ಟಾಪ್ 192.168.10.23. ಅದು ಮಾತಾಡಬೇಕಿರುವ ಸರ್ವರ್ 198.51.100.20. ಹೊರಗಿನ ಈ ಎರಡು ವಿಳಾಸಗಳು ಬರವಣಿಗೆಯಲ್ಲಿ ಉದಾಹರಣೆ ಕೊಡಲೆಂದೇ ಮೀಸಲಿಟ್ಟ ಗುಂಪಿನವು, ನಿಜವಾದ ಯಾರದ್ದೂ ಅಲ್ಲ. ಆಜ್ಞೆಗಳನ್ನೂ ಫೈಲುಗಳ ಹೆಸರನ್ನೂ ಓದುವುದಕ್ಕೆ ಅನುಕೂಲವಾಗಲೆಂದು ಕನ್ನಡದಲ್ಲಿ ಬರೆದಿದ್ದೇನೆ. ಯಂತ್ರಕ್ಕೆ ಕೊಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಈ ಉಪಾಯ ಬಂದದ್ದು ಯಾಕೆ

ಐಪಿವಿ4 ವಿಳಾಸ ಎಂದರೆ 32 ಬಿಟ್‌ಗಳು. ಎಲ್ಲ ಸೇರಿ 4,29,49,67,296 ವಿಳಾಸ. ಭೂಮಿಯ ಮೇಲಿನ ಜನರಿಗೆ ತಲೆಗೊಂದರಂತೆಯೂ ಸಾಲದು. ಇದು ಮುಗಿಯುತ್ತದೆ ಎಂಬುದು 1990ರ ದಶಕದ ಆರಂಭದಲ್ಲೇ ಸ್ಪಷ್ಟವಾಗಿತ್ತು. 1994ರ ಮೇ ತಿಂಗಳಲ್ಲಿ ಕ್ಯೆಲ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಬರೆದ ಆರ್‌ಎಫ್‌ಸಿ 1631 ಎಂಬ ದಾಖಲೆ (ಇಂಟರ್ನೆಟ್ಟಿನ ತಾಂತ್ರಿಕ ದಾಖಲೆಗಳ ಸಾಲಿಗೆ ಆರ್‌ಎಫ್‌ಸಿ ಎಂದು ಹೆಸರು), ಒಂದೇ ವಿಳಾಸ ಗುಂಪನ್ನು ಬೇರೆ ಬೇರೆ ಸಂಸ್ಥೆಗಳು ಒಳಗಡೆ ಮತ್ತೆ ಮತ್ತೆ ಬಳಸಬಹುದು, ಅಂಚಿನಲ್ಲಿರುವ ಯಂತ್ರ ವಿಳಾಸ ಬದಲಿಸಿಕೊಟ್ಟರೆ ಸಾಕು ಎಂದಿತು. ಅದನ್ನು ಅವರು ಅಲ್ಪಕಾಲದ ಪರಿಹಾರ ಎಂದೇ ಕರೆದಿದ್ದರು. ಒಳಗಡೆ ಬಳಸಲು ಯಾವ ವಿಳಾಸಗಳು ಎಂಬುದನ್ನು 1996ರ ಫೆಬ್ರವರಿಯ ಆರ್‌ಎಫ್‌ಸಿ 1918 ನಿಗದಿ ಮಾಡಿತು: 10ರಿಂದ ಶುರುವಾಗುವವೆಲ್ಲ, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು. ಪೋರ್ಟ್ ಸಂಖ್ಯೆಯನ್ನೂ (ಒಂದೇ ಯಂತ್ರದ ಬೇರೆ ಬೇರೆ ಸಂಭಾಷಣೆಗಳನ್ನು ಗುರುತಿಸುವ ಸಂಖ್ಯೆ) ಬದಲಿಸಿ ಹಲವು ಯಂತ್ರಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುವ, ನಾವು ಇಂದು ಬಳಸುವ ರೂಪವನ್ನು ಪೈಡಾ ಶ್ರೀಸುರೇಶ್ ಮತ್ತು ಎಗೆವಾಂಗ್ 2001ರ ಜನವರಿಯಲ್ಲಿ ಆರ್‌ಎಫ್‌ಸಿ 3022ರಲ್ಲಿ ವಿವರಿಸಿದರು. 2011ರ ಫೆಬ್ರವರಿ 3ರಂದು ಜಾಗತಿಕ ಸಂಗ್ರಹದ ಕೊನೆಯ ಐದು ದೊಡ್ಡ ತುಂಡುಗಳು ಹಂಚಿಹೋದವು. ಅಲ್ಪಕಾಲದ ಪರಿಹಾರ ಇಂದಿಗೂ ಓಡುತ್ತಲೇ ಇದೆ.

ಒಂದು ಪ್ಯಾಕೆಟ್ಟಿನ ಜೊತೆ ಹೋಗೋಣ

ಲ್ಯಾಪ್‌ಟಾಪ್ ಸರ್ವರಿನ 443ನೇ ಪೋರ್ಟಿಗೆ ಸಂಪರ್ಕ ಕೇಳುತ್ತದೆ. ತನ್ನ ಕಡೆಗೆ ಯಾವುದೋ ಬಿಡುವಾಗಿರುವ ಪೋರ್ಟ್ ಆರಿಸಿಕೊಳ್ಳುತ್ತದೆ, 51514 ಎನ್ನೋಣ. ಪ್ಯಾಕೆಟ್ಟಿನ, ಅಂದರೆ ಕಳಿಸುವ ಮಾಹಿತಿಯ ತುಂಡಿನ, ಮೇಲೆ ಹೀಗಿರುತ್ತದೆ: ಕಳಿಸಿದವರು 192.168.10.23, ಪೋರ್ಟ್ 51514, ತಲುಪಬೇಕಾದವರು 198.51.100.20, ಪೋರ್ಟ್ 443. ಇದು ಹಾಗೆಯೇ ಹೊರಗೆ ಹೋದರೆ ಸರ್ವರ್ ಉತ್ತರವನ್ನು 192.168.10.23ಕ್ಕೆ ಬರೆಯುತ್ತದೆ. ಆ ವಿಳಾಸ ಜಗತ್ತಿನಲ್ಲಿ ಲಕ್ಷಾಂತರ ಕಡೆ ಇದೆ, ಇಂಟರ್ನೆಟ್ಟಿನ ಯಾವ ರೂಟರಿಗೂ ಅದರ ದಾರಿ ಗೊತ್ತಿಲ್ಲ. ಉತ್ತರ ಅಲ್ಲೇ ಸಾಯುತ್ತದೆ.

ಆದ್ದರಿಂದ ಗೇಟ್‌ವೇ ಮಧ್ಯೆ ಕೈಹಾಕುತ್ತದೆ. ಪ್ಯಾಕೆಟ್ ಲ್ಯಾನ್0ರಲ್ಲಿ ಒಳಬಂದ ಕೂಡಲೇ ಕರ್ನಲ್ಲಿನ ಕನೆಕ್ಷನ್ ಟ್ರ್ಯಾಕಿಂಗ್ ಭಾಗ ಇದು ಹಳೆಯ ಸಂಭಾಷಣೆಯ ಮುಂದುವರಿಕೆಯೋ ಹೊಸದೋ ಎಂದು ನೋಡುತ್ತದೆ. ಹೊಸದಾದರೆ ಟೇಬಲ್ಲಿಗೆ ಒಂದು ಸಾಲು ತಯಾರಿಸುತ್ತದೆ. ನಂತರ ಪ್ರೀರೂಟಿಂಗ್ ಎಂಬ ಹಂತ. ಆಮೇಲೆ ಇದು ಎಲ್ಲಿಗೆ ಹೋಗಬೇಕು ಎಂಬ ರೂಟಿಂಗ್ ತೀರ್ಮಾನ. ತನಗಲ್ಲ, ಹೊರಗೆ ಎಂದಾದರೆ ಫಾರ್ವರ್ಡ್ ಹಂತ. ಕೊನೆಗೆ, ವ್ಯಾನ್0ರಿಂದ ಹೊರಬೀಳುವ ಮುಂಚೆ ಪೋಸ್ಟ್‌ರೂಟಿಂಗ್. ಕಳಿಸಿದವರ ವಿಳಾಸ ಬದಲಾಗುವುದು ಈ ಕೊನೆಯ ಹಂತದಲ್ಲಿ. 192.168.10.23 ಅಳಿಸಿ 203.0.113.5 ಎಂದು ಬರೆಯಲಾಗುತ್ತದೆ. ಟಿಸಿಪಿ ಎಂಬ ಸಂಪರ್ಕದ ಪ್ರೋಟೋಕಾಲಿನ ಚೆಕ್‌ಸಮ್ (ಮಾಹಿತಿ ಕೆಟ್ಟಿದೆಯೇ ಎಂದು ತಿಳಿಸುವ ಮೊತ್ತ) ಲೆಕ್ಕದಲ್ಲಿ ಐಪಿ ವಿಳಾಸಗಳೂ ಸೇರಿರುವುದರಿಂದ ಅದನ್ನೂ ಸರಿಪಡಿಸಲಾಗುತ್ತದೆ.

ಈಗ ಟೇಬಲ್ಲಿನ ಸಾಲಿನಲ್ಲಿ ಎರಡು ಅರ್ಧಗಳಿವೆ. ಗೇಟ್‌ವೇಯಲ್ಲಿ ‘ಕಾನ್‌ಟ್ರ್ಯಾಕ್’ ಎಂಬ ಉಪಕರಣಕ್ಕೆ ‘-ಎಲ್’ ಕೊಟ್ಟು ಓಡಿಸಿದರೆ ಇದನ್ನು ಕಣ್ಣಾರೆ ಕಾಣಬಹುದು. ಮೊದಲರ್ಧ ಹೋದ ದಿಕ್ಕು: 192.168.10.23ರ 51514ರಿಂದ 198.51.100.20ರ 443ಕ್ಕೆ. ಎರಡನೆಯರ್ಧ ಬರಬೇಕಾದ ಉತ್ತರದ ದಿಕ್ಕು: 198.51.100.20ರ 443ರಿಂದ 203.0.113.5ರ 51514ಕ್ಕೆ. ಈ ಎರಡು ಅರ್ಧಗಳ ನಡುವಿನ ವ್ಯತ್ಯಾಸವೇ ನ್ಯಾಟ್. ಉತ್ತರ ಬಂದಾಗ ಕರ್ನಲ್ ಎರಡನೆಯರ್ಧಕ್ಕೆ ಹೊಂದುವ ಸಾಲು ಹುಡುಕಿ, ತಲುಪಬೇಕಾದ ವಿಳಾಸವನ್ನು ಮತ್ತೆ 192.168.10.23 ಮಾಡಿ ಒಳಗೆ ಕಳಿಸುತ್ತದೆ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಇಟ್ಟುಕೊಳ್ಳುವವರು ನಮ್ಮ ಹೆಸರು ಕೇಳುವುದಿಲ್ಲ, ಟೋಕನ್ನಿನ ಸಂಖ್ಯೆ ನೋಡಿ ಜೋಡಿ ತೆಗೆದುಕೊಡುತ್ತಾರಲ್ಲ, ಪೋರ್ಟ್ ಸಂಖ್ಯೆ ಇಲ್ಲಿ ಆ ಟೋಕನ್ನು.

ಒಳಗಿನ ಇನ್ನೊಂದು ಯಂತ್ರವೂ ಅದೇ ಹೊತ್ತಿಗೆ 51514ನ್ನೇ ಆರಿಸಿಕೊಂಡು ಅದೇ ಸರ್ವರಿನ 443ಕ್ಕೆ ಹೊರಟರೆ? ಎರಡರ ಉತ್ತರದ ಅರ್ಧಗಳೂ ಒಂದೇ ಆಗಿಬಿಡುತ್ತವೆ. ಆಗ ಲಿನಕ್ಸ್ ಎರಡನೆಯದರ ಪೋರ್ಟನ್ನೂ ಬದಲಿಸುತ್ತದೆ. ಇಲ್ಲದಿದ್ದರೆ ಪೋರ್ಟನ್ನು ಆದಷ್ಟು ಇದ್ದಂತೆಯೇ ಉಳಿಸಿಕೊಳ್ಳುತ್ತದೆ. ಅದು ಬೇರೆ ಸರ್ವರಿಗೆ ಹೊರಟಿದ್ದರೆ ಘರ್ಷಣೆಯೇ ಇಲ್ಲ, ಏಕೆಂದರೆ ಸಾಲುಗಳನ್ನು ಬೇರ್ಪಡಿಸುವುದು ಪ್ರೋಟೋಕಾಲ್, ಎರಡೂ ವಿಳಾಸ, ಎರಡೂ ಪೋರ್ಟ್, ಹೀಗೆ ಐದೂ ಸೇರಿ. ‘ಒಂದು ಐಪಿ ವಿಳಾಸದ ಹಿಂದೆ ಒಟ್ಟು 65,536 ಸಂಪರ್ಕಗಳೇ ಸಾಧ್ಯ’ ಎಂಬ ಮಾತು ತುಂಬ ಕಡೆ ಕಾಣುತ್ತದೆ. ಲಿನಕ್ಸಿನ ಮಟ್ಟಿಗೆ ಅದು ತಪ್ಪು. ಆ ಮಿತಿ ಒಂದೊಂದು ಗುರಿಗೆ, ಅಂದರೆ ಒಂದೇ ಸರ್ವರಿನ ಒಂದೇ ಪೋರ್ಟಿಗೆ, ಅನ್ವಯಿಸುತ್ತದೆ.

ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್‌ಗೆ ಪೋರ್ಟ್ ಇರುವುದಿಲ್ಲ. ಅದರಲ್ಲಿ ಗುರುತಿನ ಸಂಖ್ಯೆಯೊಂದಿದೆ, ಅದೇ ಪೋರ್ಟಿನ ಕೆಲಸ ಮಾಡುತ್ತದೆ.

ಕೂರಿಸುವ ಕೆಲಸ

ಮೊದಲು ವಿಳಾಸಗಳು. ವ್ಯಾನ್0 ತನ್ನ ವಿಳಾಸವನ್ನು ಇಂಟರ್ನೆಟ್ ಕಂಪನಿಯಿಂದ ಪಡೆಯಲಿ. ಲ್ಯಾನ್0ಕ್ಕೆ ಸ್ಥಿರವಾಗಿ 192.168.10.1/24 ಕೊಡಿ, ಆದರೆ ಅದಕ್ಕೆ ‘ಗೇಟ್‌ವೇ’ ಎಂಬ ಸಾಲು ಬರೆಯಬೇಡಿ. ಬರೆದರೆ ಯಂತ್ರಕ್ಕೆ ಎರಡು ಡೀಫಾಲ್ಟ್ ದಾರಿಗಳಾಗಿ, ಒಮ್ಮೆ ಕೆಲಸ ಮಾಡಿ ಒಮ್ಮೆ ಮಾಡದ ಕಾಯಿಲೆ ಶುರುವಾಗುತ್ತದೆ. ಒಳಜಾಲಕ್ಕೆ 192.168.1.0/24 ಅಥವಾ 192.168.0.0/24 ಆರಿಸದಿರುವುದು ಒಳ್ಳೆಯದು. ಕಂಪನಿ ಕೊಟ್ಟ ಫೈಬರ್ ಮೋಡೆಮ್ ಹೆಚ್ಚಾಗಿ ತಾನೂ ನ್ಯಾಟ್ ಮಾಡುತ್ತಾ ಅದೇ ವಿಳಾಸಗಳನ್ನು ಹಂಚುತ್ತಿರುತ್ತದೆ. ಹೊರಗೂ ಒಳಗೂ ಒಂದೇ ಜಾಲವಾದರೆ ಗೇಟ್‌ವೇಗೆ ಯಾವುದು ಯಾವ ಕಡೆ ಎಂದು ತಿಳಿಯುವುದಿಲ್ಲ. ಸಾಧ್ಯವಿದ್ದರೆ ಮೋಡೆಮನ್ನು ಬ್ರಿಡ್ಜ್ ರೀತಿಗೆ ಬದಲಿಸಿ, ಲಾಗಿನ್ ಅನ್ನು ಗೇಟ್‌ವೇಯೇ ಮಾಡುವಂತಿಟ್ಟರೆ ಎರಡೆರಡು ನ್ಯಾಟ್ ತಪ್ಪುತ್ತದೆ.

ಕಾರ್ಡುಗಳಿಗೆ ವ್ಯಾನ್0, ಲ್ಯಾನ್0 ಎಂಬ ಹೆಸರು ತಾನಾಗಿ ಬರುವುದಿಲ್ಲ. ಸಿಸ್ಟಮ್‌ಡಿಯ ಲಿಂಕ್ ಫೈಲಿನಲ್ಲಿ ಕಾರ್ಡಿನ ಮ್ಯಾಕ್ ವಿಳಾಸ ಬರೆದು ಹೆಸರಿಡಬೇಕು. ಇದನ್ನು ಮಾಡಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಮುಂದೆ ಬರೆಯುವ ಪ್ರತಿ ನಿಯಮವೂ ಓದಿದರೆ ಅರ್ಥವಾಗುವಂತಿರಬೇಕು. ಭದ್ರತೆಯ ನಿಯಮಗಳಲ್ಲಿ ಅರ್ಥವಾಗದ ಹೆಸರು ಅಪಾಯ.

ಎರಡನೆಯದು ಫಾರ್ವರ್ಡಿಂಗ್. ಸಾಮಾನ್ಯ ಕಂಪ್ಯೂಟರು ಒಂದು ಕಾರ್ಡಿನಿಂದ ಬಂದ ಪ್ಯಾಕೆಟ್ಟನ್ನು ಇನ್ನೊಂದರಿಂದ ಹೊರಗೆ ದಾಟಿಸುವುದಿಲ್ಲ. 1989ರ ಆರ್‌ಎಫ್‌ಸಿ 1122, ಸಾಧಾರಣ ಯಂತ್ರಗಳು ಹಾಗೆ ತಾವಾಗಿ ಮಾಡಬಾರದು, ಬೇಕೆಂದವರು ಸ್ವಿಚ್ ಹಾಕಿಕೊಳ್ಳಲಿ ಎಂದಿದೆ. ಲಿನಕ್ಸಿನಲ್ಲಿ ಆ ಸ್ವಿಚ್ಚಿನ ಹೆಸರು ‘ನೆಟ್.ಐಪಿವಿ4.ಐಪಿ_ಫಾರ್ವರ್ಡ್’. ‘/ಇಟಿಸಿ/ಸಿಸ್‌ಸಿಟಿಎಲ್.ಡಿ’ ಫೋಲ್ಡರಿನಲ್ಲಿ ಹೊಸ ಫೈಲ್ ಮಾಡಿ ಇದಕ್ಕೆ 1 ಎಂದು ಕೊಟ್ಟರೆ ಯಂತ್ರ ಮರುಶುರುವಾದರೂ ಉಳಿಯುತ್ತದೆ. ಆಜ್ಞೆಯ ಸಾಲಿನಲ್ಲಿ ಮಾತ್ರ ಕೊಟ್ಟರೆ ಕರೆಂಟು ಹೋಗಿ ಬಂದ ದಿನ ಇಡೀ ಕಚೇರಿಗೆ ಇಂಟರ್ನೆಟ್ ಇರುವುದಿಲ್ಲ. ನಿಯಮಗಳನ್ನು ಬರೆದು ಜಾರಿ ಮಾಡಿದ ಮೇಲಷ್ಟೇ ಈ ಸ್ವಿಚ್ ಹಾಕುವುದು ಸರಿಯಾದ ಕ್ರಮ.

ನಿಯಮಗಳಿಗೆ ಲಿನಕ್ಸಿನಲ್ಲಿ ಈಗಿರುವ ಸಾಧನ ಎನ್‌ಎಫ್‌ಟೇಬಲ್ಸ್. 2014ರ ಜನವರಿಯ 3.13 ಕರ್ನಲ್ಲಿನಲ್ಲಿ ಬಂದದ್ದು. ಅದಕ್ಕೂ ಮುಂಚೆ 2001ರ 2.4 ಕರ್ನಲ್ಲಿನಿಂದ ಐಪಿಟೇಬಲ್ಸ್, ಅದರ ಹಿಂದೆ ಐಪಿಚೈನ್ಸ್. ಹಳೆಯ ಐಪಿಟೇಬಲ್ಸ್ ಆಜ್ಞೆಗಳು ಇನ್ನೂ ನಡೆಯುತ್ತವೆ, ಆದರೆ ಹೊಸದಾಗಿ ಕಲಿಯುವವರು ಎನ್‌ಎಫ್‌ಟೇಬಲ್ಸ್ ಕಲಿಯಲಿ. ಎಲ್ಲ ನಿಯಮಗಳೂ ಒಂದೇ ಫೈಲಿನಲ್ಲಿ, ಒಟ್ಟಿಗೆ ಜಾರಿಯಾಗುತ್ತವೆ. ಅರ್ಧ ಮಾತ್ರ ಜಾರಿಯಾಗಿ ಉಳಿದರ್ಧ ತಪ್ಪಾಗಿ ನಿಲ್ಲುವ ಸ್ಥಿತಿಯೇ ಬರುವುದಿಲ್ಲ. ಡೆಬಿಯನ್‌ನಲ್ಲಿ ಫೈಲು ‘/ಇಟಿಸಿ/ಎನ್‌ಎಫ್‌ಟೇಬಲ್ಸ್.ಕಾನ್ಫ್’. ಅದರ ಸೇವೆಯನ್ನು ‘ಸಿಸ್ಟಮ್‌ಸಿಟಿಎಲ್ ಎನೇಬಲ್’ ಮೂಲಕ ನೀವೇ ಚಾಲೂ ಮಾಡಬೇಕು.

ನ್ಯಾಟ್‌ಗೆ ಬೇಕಾಗಿರುವುದು ಒಂದೇ ಸಾಲು. ಐಪಿ ವರ್ಗದ ಟೇಬಲ್ ಒಂದರಲ್ಲಿ (ಇದು ನಿಯಮಗಳನ್ನಿಡುವ ಟೇಬಲ್, ಮೇಲೆ ಹೇಳಿದ ಸಂಪರ್ಕಗಳ ಟೇಬಲ್ ಅಲ್ಲ) ‘ನ್ಯಾಟ್’ ಬಗೆಯ, ‘ಪೋಸ್ಟ್‌ರೂಟಿಂಗ್’ ಕೊಂಡಿಗೆ, ಅಂದರೆ ಮೇಲೆ ಕಂಡ ಆ ಹಂತಕ್ಕೆ, ಸೇರಿದ ಚೈನ್, ಅಂದರೆ ನಿಯಮಗಳ ಸರಣಿ, ಮಾಡಿ, ಅದರೊಳಗೆ ‘ಒಐಎಫ್‌ನೇಮ್ ವ್ಯಾನ್0 ಮಾಸ್ಕರೇಡ್’ ಎಂದು ಬರೆಯುವುದು. ವ್ಯಾನ್0ರಿಂದ ಹೊರಗೆ ಹೋಗುವ ಸಂಪರ್ಕಗಳಿಗೆಲ್ಲ ಆ ಕಾರ್ಡಿನ ವಿಳಾಸವನ್ನೇ ಹಾಕು ಎಂದು ಇದರರ್ಥ. ನಿಮ್ಮ ಹೊರವಿಳಾಸ ಸ್ಥಿರವಾಗಿದ್ದರೆ ಮಾಸ್ಕರೇಡ್ ಬದಲು ‘ಎಸ್‌ನ್ಯಾಟ್ ಟು 203.0.113.5’ ಎನ್ನಬಹುದು. ಮಾಸ್ಕರೇಡ್ ಪ್ರತಿ ಹೊಸ ಸಂಪರ್ಕಕ್ಕೂ ಕಾರ್ಡಿನ ಈಗಿನ ವಿಳಾಸ ಯಾವುದೆಂದು ನೋಡುತ್ತದೆ, ಕಾರ್ಡು ಕೆಳಗಿಳಿದರೆ ಅದಕ್ಕೆ ಸೇರಿದ ಸಾಲುಗಳನ್ನು ಟೇಬಲ್ಲಿನಿಂದ ಅಳಿಸುತ್ತದೆ. ವಿಳಾಸ ಆಗಾಗ ಬದಲಾಗುವ ಮನೆಯ ಸಂಪರ್ಕಕ್ಕೆ ಇದೇ ಬೇಕು.

ಒಳಗಿನ ಯಂತ್ರಗಳಿಗೆ ವಿಳಾಸ ಹಂಚಲು ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ ಸಾಕು. 192.168.10.50ರಿಂದ 192.168.10.200ರವರೆಗೆ, ಹನ್ನೆರಡು ಗಂಟೆಯ ಅವಧಿಗೆ ಎಂದು ಒಂದು ಸಾಲು ಬರೆದರೆ, ಗೇಟ್‌ವೇ ಯಾರು, ಹೆಸರು ಕೇಳಬೇಕಾದ್ದು ಯಾರನ್ನು ಎಂಬೆರಡನ್ನೂ ಅದು ತಾನಾಗಿ ತಿಳಿಸುತ್ತದೆ. ಲ್ಯಾನ್0ಕ್ಕೆ ಮಾತ್ರ ಎಂದು ಕಟ್ಟುವುದನ್ನು ಮರೆಯಬೇಡಿ.

ನ್ಯಾಟ್ ಬಾಗಿಲಲ್ಲ

‘ನ್ಯಾಟ್ ಇದೆಯಲ್ಲ, ಹೊರಗಿನವರು ಒಳಗೆ ಬರಲಾರರು’ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಇದು ಯಾಕೆ ಸುಳ್ಳು ಎಂಬುದನ್ನು ಹಂತ ಹಂತವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಈ ನಂಬಿಕೆಯ ಮೇಲೆ ನಿಂತ ಗೇಟ್‌ವೇಗಳು ನಿಜಕ್ಕೂ ತೆರೆದೇ ಇರುತ್ತವೆ.

ನಿಮ್ಮ ವ್ಯಾನ್0 ಇರುವ ಅದೇ ಸ್ಥಳೀಯ ತಂತಿಯಲ್ಲಿ, ಅದೇ ಕಂಪನಿಯ ಇನ್ನೊಬ್ಬ ಗ್ರಾಹಕರಿದ್ದಾರೆ ಎನ್ನಿ. ಅವರು ತಮ್ಮ ಯಂತ್ರದಲ್ಲಿ ‘192.168.10.0/24ಕ್ಕೆ ದಾರಿ 203.0.113.5ರ ಮೂಲಕ’ ಎಂದು ಒಂದು ರೂಟ್ ಬರೆದು ನಿಮ್ಮ ಲ್ಯಾಪ್‌ಟಾಪಿನ ವಿಳಾಸಕ್ಕೇ ಪ್ಯಾಕೆಟ್ ಕಳಿಸುತ್ತಾರೆ. ಅದು ನಿಮ್ಮ ಗೇಟ್‌ವೇಗೆ ಬರುತ್ತದೆ. ಫಾರ್ವರ್ಡಿಂಗ್ ಚಾಲೂ ಇದೆ. 192.168.10.23 ಎಲ್ಲಿದೆ ಎಂದು ಗೇಟ್‌ವೇಗೆ ಚೆನ್ನಾಗಿ ಗೊತ್ತು. ಮಾಸ್ಕರೇಡ್ ಸಾಲು ವ್ಯಾನ್0ರಿಂದ ಹೊರಹೋಗುವ ಹೊಸ ಸಂಪರ್ಕಗಳಿಗೆ ಮಾತ್ರ. ಇದು ಲ್ಯಾನ್0ರ ಕಡೆ ಹೋಗುತ್ತಿದೆ, ಹಾಗಾಗಿ ಅದಕ್ಕೆ ಇದು ತಾಗುವುದೇ ಇಲ್ಲ. ಪ್ಯಾಕೆಟ್ ಒಳಗೆ ಹೋಗುತ್ತದೆ. ಉತ್ತರ ಅದೇ ಸಂಪರ್ಕದ ಭಾಗವಾದ್ದರಿಂದ ಅದಕ್ಕೂ ವಿಳಾಸ ಬದಲಾಗುವುದಿಲ್ಲ, ನೇರ ಹೊರಗೆ ಬರುತ್ತದೆ. ನಿಯಮಗಳೆಲ್ಲ ಬರೆದಂತೆಯೇ ನಡೆದವು, ಆದರೂ ಬಾಗಿಲು ತೆರೆದಿತ್ತು.

ಮುಚ್ಚುವುದು ಫಿಲ್ಟರಿನ ಕೆಲಸ. ಫಾರ್ವರ್ಡ್ ಕೊಂಡಿಯಲ್ಲಿ ಒಂದು ಚೈನ್ ಮಾಡಿ ಅದರ ಪಾಲಿಸಿ ‘ಡ್ರಾಪ್’ ಎಂದಿಡಿ. ಅನುಮತಿ ಎರಡಕ್ಕೆ ಮಾತ್ರ. ಈಗಾಗಲೇ ಟೇಬಲ್ಲಿನಲ್ಲಿರುವ ಸಂಪರ್ಕಗಳಿಗೆ, ಅಂದರೆ ‘ಸಿಟಿ ಸ್ಟೇಟ್ ಎಸ್ಟಾಬ್ಲಿಶ್ಡ್, ರಿಲೇಟೆಡ್ ಅಕ್ಸೆಪ್ಟ್’. ಮತ್ತೆ, ಲ್ಯಾನ್0ರಿಂದ ಬಂದು ವ್ಯಾನ್0ಕ್ಕೆ ಹೋಗುವ ಹೊಸವಕ್ಕೆ. ರಿಲೇಟೆಡ್ ಎಂಬುದನ್ನು ಬಿಡಬೇಡಿ. ‘ಪ್ಯಾಕೆಟ್ ತುಂಬ ದೊಡ್ಡದು, ಚಿಕ್ಕದು ಮಾಡಿ ಕಳಿಸು’ ಎಂದು ದಾರಿಯ ಮಧ್ಯದ ರೂಟರ್ ಹೇಳುವ ಐಸಿಎಂಪಿ ಸಂದೇಶಗಳು ಅದರಲ್ಲೇ ಸೇರುತ್ತವೆ. ಗೇಟ್‌ವೇಯನ್ನೇ ಕಾಯಲು ಇನ್‌ಪುಟ್ ಕೊಂಡಿಯಲ್ಲೂ ಹೀಗೇ: ಪಾಲಿಸಿ ಡ್ರಾಪ್, ಯಂತ್ರ ತನ್ನೊಂದಿಗೆ ತಾನೇ ಮಾತಾಡುವ ‘ಲೋ’ ಕಾರ್ಡಿಗೂ ಟೇಬಲ್ಲಿನಲ್ಲಿ ಆಗಲೇ ಇರುವ ಸಂಪರ್ಕಗಳಿಗೂ ಅನುಮತಿ, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್), ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವುದು), ಡಿಎಚ್‌ಸಿಪಿ (ವಿಳಾಸ ಹಂಚುವುದು) ಲ್ಯಾನ್0ರಿಂದ ಮಾತ್ರ. ಜಾರಿಗೆ ಮುಂಚೆ ‘ಎನ್‌ಎಫ್‌ಟಿ -ಸಿ -ಎಫ್’ ಎಂದು ಕೊಟ್ಟರೆ ಫೈಲಿನಲ್ಲಿ ತಪ್ಪಿದ್ದರೆ ಹೇಳುತ್ತದೆ. ದೂರದಿಂದ ಎಸ್‌ಎಸ್‌ಎಚ್ ಮೂಲಕ ಕೆಲಸ ಮಾಡುವವರು ಇದನ್ನು ಮಾಡದೆ ಮುಂದುವರಿಯಲೇಬಾರದು.

ಒಂದು ಎಚ್ಚರಿಕೆ. ಇದೇ ಯಂತ್ರದಲ್ಲಿ ಡಾಕರ್ (ತಂತ್ರಾಂಶಗಳನ್ನು ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಓಡಿಸುವ ಸಾಧನ) ಹಾಕಬೇಡಿ. ಅದು ತನ್ನದೇ ಮಾಸ್ಕರೇಡ್ ನಿಯಮ ಸೇರಿಸುತ್ತದೆ, ಕೆಲವು ಸಂದರ್ಭಗಳಲ್ಲಿ ಫಾರ್ವರ್ಡ್ ಪಾಲಿಸಿಯನ್ನೂ ಡ್ರಾಪ್ ಮಾಡುತ್ತದೆ. ಎನ್‌ಎಫ್‌ಟೇಬಲ್ಸ್‌ನಲ್ಲಿ ಒಂದು ಟೇಬಲ್ ‘ಸರಿ’ ಎಂದರೂ ಇನ್ನೊಂದು ‘ಬೇಡ’ ಎಂದರೆ ಪ್ಯಾಕೆಟ್ ಬೀಳುತ್ತದೆ. ನಿಮ್ಮ ಫೈಲು ನೂರು ಸಲ ಓದಿದರೂ ಕಾರಣ ಅದರಲ್ಲಿ ಸಿಗುವುದಿಲ್ಲ.

ಮೊದಲ ಪ್ಯಾಕೆಟ್ ಮಾತ್ರ

ಲಿನಕ್ಸಿನ ನ್ಯಾಟ್ ಚೈನುಗಳನ್ನು ಪ್ರತಿ ಪ್ಯಾಕೆಟ್ಟೂ ಹಾದುಹೋಗುವುದಿಲ್ಲ. ಸಂಪರ್ಕದ ಮೊದಲ ಪ್ಯಾಕೆಟ್ ಮಾತ್ರ ಅಲ್ಲಿ ನಿಯಮ ನೋಡುತ್ತದೆ. ಸಿಕ್ಕ ತೀರ್ಮಾನ ಟೇಬಲ್ಲಿನಲ್ಲಿ ಬರೆದಾಗುತ್ತದೆ, ಉಳಿದವೆಲ್ಲ ಟೇಬಲ್ ನೋಡಿಯೇ ಬದಲಾಗುತ್ತವೆ. ಈ ಒಂದು ಸಂಗತಿ ಗೊತ್ತಿಲ್ಲದೆ ಎಷ್ಟೋ ಸಂಜೆಗಳು ಹಾಳಾಗುತ್ತವೆ. ಉದಾಹರಣೆಗೆ, ನಿಯಮ ಹಾಕುವ ಮುಂಚೆಯೇ ಲ್ಯಾಪ್‌ಟಾಪಿನಲ್ಲಿ ಪಿಂಗ್ ಶುರು ಮಾಡಿ ಓಡಲು ಬಿಟ್ಟಿರುತ್ತೇವೆ. ಆಮೇಲೆ ಮಾಸ್ಕರೇಡ್ ಸೇರಿಸುತ್ತೇವೆ. ಪಿಂಗ್ ಬದಲಾಗುವುದಿಲ್ಲ, ಉತ್ತರ ಬರುವುದಿಲ್ಲ. ನಿಯಮ ತಪ್ಪೆಂದು ಅದನ್ನು ಮತ್ತೆ ಮತ್ತೆ ತಿದ್ದುತ್ತೇವೆ. ನಿಯಮ ಸರಿಯಾಗಿಯೇ ಇದೆ. ಪಿಂಗ್‌ನ ಹಳೆಯ ಸಾಲು ‘ವಿಳಾಸ ಬದಲಿಸಬೇಡ’ ಎಂಬ ತೀರ್ಮಾನದೊಂದಿಗೆ ಟೇಬಲ್ಲಿನಲ್ಲಿ ಕೂತಿದೆ, ಪ್ರತಿ ಸೆಕೆಂಡಿನ ಪಿಂಗ್ ಅದರ 30 ಸೆಕೆಂಡಿನ ಆಯುಷ್ಯವನ್ನು ನವೀಕರಿಸುತ್ತಿದೆ. ಪಿಂಗ್ ನಿಲ್ಲಿಸಿ ಹೊಸದಾಗಿ ಶುರು ಮಾಡಿದರೆ, ಅಥವಾ ‘ಕಾನ್‌ಟ್ರ್ಯಾಕ್ -ಎಫ್’ ಎಂದು ಟೇಬಲ್ ಖಾಲಿ ಮಾಡಿದರೆ, ತಕ್ಷಣ ಸರಿಹೋಗುತ್ತದೆ.

ಸಾಲುಗಳ ಆಯುಷ್ಯ ತಿಳಿದಿದ್ದರೆ ಇನ್ನಷ್ಟು ಒಗಟುಗಳು ಬಿಡಿಸಿಕೊಳ್ಳುತ್ತವೆ. ಸ್ಥಾಪನೆಯಾದ ಟಿಸಿಪಿ ಸಂಪರ್ಕಕ್ಕೆ ಲಿನಕ್ಸ್ ಕೊಡುವುದು 4,32,000 ಸೆಕೆಂಡ್, ಅಂದರೆ ಐದು ದಿನ. ಸಂಪರ್ಕ ಸ್ಥಾಪಿಸದೆಯೇ ಪ್ಯಾಕೆಟ್ ಕಳಿಸುವ ಯುಡಿಪಿ ಪ್ರೋಟೋಕಾಲಿನಲ್ಲಿ ಒಂದೇ ಕಡೆಯಿಂದ ಮಾತು ಬಂದಿದ್ದರೆ 30 ಸೆಕೆಂಡ್. ವೈರ್‌ಗಾರ್ಡ್ ವಿಪಿಎನ್‌ನಲ್ಲಿ ಸಂಪರ್ಕವನ್ನು ಜೀವಂತ ಇಡಲು 25 ಸೆಕೆಂಡಿಗೊಮ್ಮೆ ಏನನ್ನಾದರೂ ಕಳಿಸು ಎಂದು ಸಲಹೆ ಕೊಡುವುದು ಇಂಥ ಗಡಿಗಳಿಂದಾಗಿಯೇ. ಟೇಬಲ್ಲಿಗೂ ಮಿತಿ ಇದೆ. ‘ಎನ್‌ಎಫ್_ಕಾನ್‌ಟ್ರ್ಯಾಕ್: ಟೇಬಲ್ ಫುಲ್, ಡ್ರಾಪಿಂಗ್ ಪ್ಯಾಕೆಟ್’ ಎಂದು ಕರ್ನಲ್ ದಾಖಲೆಯಲ್ಲಿ ಕಂಡರೆ, ಹಳೆಯ ಸಂಪರ್ಕಗಳು ಓಡುತ್ತಿರುತ್ತವೆ, ಹೊಸವು ಮಾತ್ರ ಸಾಯುತ್ತಿರುತ್ತವೆ. ‘ಎನ್‌ಎಫ್_ಕಾನ್‌ಟ್ರ್ಯಾಕ್_ಮ್ಯಾಕ್ಸ್’ ಹೆಚ್ಚಿಸುವ ಮುಂಚೆ ಯಾವ ಒಳವಿಳಾಸ ಅಷ್ಟೊಂದು ಸಾಲು ತುಂಬಿಸುತ್ತಿದೆ ಎಂದು ನೋಡಿ. ವೈರಸ್ ಹಿಡಿದ ಒಂದು ಯಂತ್ರವೇ ಕಾರಣವಾಗಿರುವುದು ಅಪರೂಪವಲ್ಲ.

ಸಾಲು ಅಳಿದ ಮೇಲೆ ಯಾರು ಯಾವಾಗ ಎಲ್ಲಿಗೆ ಹೋಗಿದ್ದರು ಎಂಬುದೂ ಅಳಿಯುತ್ತದೆ. ಹೊರಗಿನ ಸರ್ವರಿಗೆ ಕಂಡದ್ದು ಒಂದೇ ವಿಳಾಸ. ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದು ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಹೊರಡಿಸಿದೆ. ಕಾಲೇಜಿಗೋ ಕಂಪನಿಗೋ ಗೇಟ್‌ವೇ ಕಟ್ಟುವವರು ಸಂಪರ್ಕಗಳ ಸಮಯ ಮತ್ತು ಪೋರ್ಟ್ ಸಮೇತ ದಾಖಲೆಯ ಏರ್ಪಾಡನ್ನು ಮೊದಲ ದಿನವೇ ಮಾಡಬೇಕು.

ಹೊರಗಿನಿಂದ ಒಳಗೆ

ಒಳಗಿನ ವೆಬ್ ಸರ್ವರ್ ಒಂದನ್ನು ಹೊರಗಿನವರಿಗೆ ತೋರಿಸಬೇಕಾದರೆ ತಲುಪುವ ವಿಳಾಸವನ್ನು ಬದಲಿಸಬೇಕು. ಇದು ರೂಟಿಂಗ್ ತೀರ್ಮಾನಕ್ಕಿಂತ ಮುಂಚೆ ಆಗಬೇಕಾದ್ದರಿಂದ ಪ್ರೀರೂಟಿಂಗ್‌ನಲ್ಲಿ ನಡೆಯುತ್ತದೆ: ವ್ಯಾನ್0ಕ್ಕೆ ಬಂದ 443ನೇ ಪೋರ್ಟಿನ ಟಿಸಿಪಿಯನ್ನು ‘ಡಿನ್ಯಾಟ್ ಟು 192.168.10.40’. ಫಾರ್ವರ್ಡ್ ಚೈನ್ ಇದನ್ನು ನೋಡುವ ಹೊತ್ತಿಗೆ ವಿಳಾಸ ಬದಲಾಗಿರುತ್ತದೆ, ಹಾಗಾಗಿ ಅಲ್ಲಿ ಒಳವಿಳಾಸಕ್ಕೆ ಅನುಮತಿ ಬರೆಯಬೇಕು. ‘ಸಿಟಿ ಸ್ಟೇಟಸ್ ಡಿನ್ಯಾಟ್ ಅಕ್ಸೆಪ್ಟ್’ ಎಂದರೆ ಇನ್ನೂ ಸರಳ.

ಹೊರಗಿನವರಿಗೆ ತಾಣ ತೆರೆಯುತ್ತದೆ, ಒಳಗಿನವರು ಅದೇ ಹೆಸರಿನಿಂದ ಹೋದರೆ ತೆರೆಯುವುದಿಲ್ಲ. ಮೊದಲ ಕಾರಣ ಸರಳ: ಮೇಲಿನ ನಿಯಮ ವ್ಯಾನ್0ಕ್ಕೆ ಬಂದವಕ್ಕೆ ಮಾತ್ರ. ಅದನ್ನು 203.0.113.5ಕ್ಕೆ ಬಂದವಕ್ಕೆಲ್ಲ ಎಂದು ತಿದ್ದಿದರೂ ಸಾಲದು. ಲ್ಯಾಪ್‌ಟಾಪ್ 203.0.113.5ಕ್ಕೆ ಕಳಿಸುತ್ತದೆ, ಗೇಟ್‌ವೇ ಅದನ್ನು 192.168.10.40ಕ್ಕೆ ತಿರುಗಿಸುತ್ತದೆ. ಸರ್ವರಿಗೆ ಕಳಿಸಿದವರು ಪಕ್ಕದಲ್ಲೇ ಇರುವ 192.168.10.23 ಎಂದು ಕಾಣುತ್ತದೆ, ಉತ್ತರವನ್ನು ಗೇಟ್‌ವೇ ಮೂಲಕ ಕಳಿಸದೆ ನೇರವಾಗಿ ಕೊಡುತ್ತದೆ. ಲ್ಯಾಪ್‌ಟಾಪ್ ಉತ್ತರ ಕಾಯುತ್ತಿದ್ದದ್ದು 203.0.113.5ರಿಂದ, ಬಂದದ್ದು ಬೇರೆ ಯಾರಿಂದಲೋ, ಅದನ್ನು ತಿರಸ್ಕರಿಸುತ್ತದೆ. ಒಳಗಿನಿಂದ ಒಳಗೆ ಹೋಗುವುದಕ್ಕೂ ಮಾಸ್ಕರೇಡ್ ಹಾಕಿ ಇದನ್ನು ಬಗೆಹರಿಸಬಹುದು. ನನಗೆ ಅದಕ್ಕಿಂತ ಸರಿಯೆನಿಸುವುದು, ಡಿಎನ್‌ಎಸ್‌ಮಾಸ್ಕ್‌ನಲ್ಲಿ ಆ ಹೆಸರಿಗೆ 192.168.10.40 ಎಂದೇ ಬರೆದುಬಿಡುವುದು. ಸರ್ವರಿನ ದಾಖಲೆಯಲ್ಲಿ ನಿಜವಾಗಿ ಬಂದವರ ವಿಳಾಸ ಉಳಿಯುತ್ತದೆ.

ಇದೆಲ್ಲ ಮಾಡುವ ಮುಂಚೆ ವ್ಯಾನ್0ಕ್ಕೆ ಬಂದಿರುವ ವಿಳಾಸವನ್ನು ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ, ಕಂಪನಿಯೇ ಇನ್ನೊಂದು ನ್ಯಾಟ್ ಮಾಡುತ್ತಿದೆ. ಈ ಗುಂಪನ್ನು 2012ರ ಏಪ್ರಿಲ್‌ನ ಆರ್‌ಎಫ್‌ಸಿ 6598 ಅದಕ್ಕೆಂದೇ ಮೀಸಲಿಟ್ಟಿದೆ. ಹೊರಗಿನ ಪ್ಯಾಕೆಟ್ ಆ ದೊಡ್ಡ ನ್ಯಾಟ್‌ನಲ್ಲೇ ನಿಲ್ಲುತ್ತದೆ, ನಿಮ್ಮ ಡಿನ್ಯಾಟ್ ನಿಯಮಕ್ಕೆ ಕೆಲಸವೇ ಇರುವುದಿಲ್ಲ. ಆಗ ಉಳಿಯುವ ದಾರಿ ಸಾರ್ವಜನಿಕ ವಿಳಾಸವಿರುವ ಬಾಡಿಗೆ ಸರ್ವರಿಗೆ ವೈರ್‌ಗಾರ್ಡ್ ಸುರಂಗ, ಇಲ್ಲವೇ ಹೊಸ ಪೀಳಿಗೆಯ ವಿಳಾಸ ವ್ಯವಸ್ಥೆಯಾದ ಐಪಿವಿ6.

ಓಪನ್‌ಬಿಎಸ್‌ಡಿಯಲ್ಲಿ

ಇದೇ ಕೆಲಸವನ್ನು ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆಯ ಫೈರ್‌ವಾಲ್ ಪಿಎಫ್ ಎಷ್ಟು ಚೆನ್ನಾಗಿ ಮಾಡುತ್ತದೆ ಎಂಬುದನ್ನು ಹೇಳದಿದ್ದರೆ ಅನ್ಯಾಯ. ಡೇನಿಯಲ್ ಹಾರ್ಟ್‌ಮೈಯರ್ ಬರೆದ ಪಿಎಫ್ 2001ರ ಡಿಸೆಂಬರ್‌ನಲ್ಲಿ ಓಪನ್‌ಬಿಎಸ್‌ಡಿ 3.0ರ ಜೊತೆ ಹೊರಬಂತು. ಅಲ್ಲಿಯವರೆಗೆ ಬಳಸುತ್ತಿದ್ದ ಐಪಿಫಿಲ್ಟರನ್ನು ಪರವಾನಗಿಯ ತಕರಾರಿನಿಂದ ತೆಗೆಯಬೇಕಾಗಿ ಬಂದದ್ದು ಅದಕ್ಕೆ ಕಾರಣ. ಅದರಲ್ಲಿ ನ್ಯಾಟ್ ಸಾಲು ಹೀಗೆ: ‘ಮ್ಯಾಚ್ ಔಟ್ ಆನ್ ಈಗ್ರೆಸ್ ಐನೆಟ್ ಫ್ರಮ್ 192.168.10.0/24 ನ್ಯಾಟ್-ಟು (ಈಗ್ರೆಸ್)’. ಈಗ್ರೆಸ್ ಎಂದರೆ ಡೀಫಾಲ್ಟ್ ದಾರಿ ಇರುವ ಕಾರ್ಡು. ಸುತ್ತಲಿನ ಆವರಣ ಚಿಹ್ನೆ ವಿಳಾಸ ಬದಲಾಗಬಹುದು, ಆಗಾಗ ನೋಡು ಎಂದು ಹೇಳುತ್ತದೆ. ನಿಯಮದ ಫೈಲು ಓದಲು ಇಷ್ಟು ಹಿತವಾಗಿರುವ ಬೇರೆ ಫೈರ್‌ವಾಲ್ ನನಗೆ ಗೊತ್ತಿಲ್ಲ.

ಲಿನಕ್ಸಿನಿಂದ ಬಂದವರು ಎರಡು ವ್ಯತ್ಯಾಸ ನೆನಪಿಡಬೇಕು. ಪಿಎಫ್‌ನಲ್ಲಿ ಇಂಥ ಮ್ಯಾಚ್ ಸಾಲು ದಾಟಿದ ಮೇಲೆ ಬರುವ ನಿಯಮಗಳಿಗೆ ಬದಲಾದ ವಿಳಾಸ ಕಾಣುತ್ತದೆ. ಲಿನಕ್ಸಿನ ಫಾರ್ವರ್ಡ್ ಚೈನಿಗೆ ಒಳಗಿನ ಮೂಲ ವಿಳಾಸ ಕಾಣುತ್ತದೆ. ಇನ್ನೊಂದು, ಪಿಎಫ್ ಪೋರ್ಟನ್ನು ಇದ್ದಂತೆ ಉಳಿಸಲು ನೋಡುವುದಿಲ್ಲ, 50001ರಿಂದ 65535ರೊಳಗೆ ಹೊಸದನ್ನು ಆರಿಸುತ್ತದೆ. ಕೆಲವು ಆಟಗಳು, ಧ್ವನಿ ಕರೆಗಳು ಇದರಿಂದ ತೊಡಕಿಗೆ ಸಿಕ್ಕಿದರೆ ‘ಸ್ಟ್ಯಾಟಿಕ್-ಪೋರ್ಟ್’ ಎಂದು ಸೇರಿಸಬೇಕು.

ಕೆಟ್ಟಾಗ ಎಲ್ಲಿ ನೋಡುವುದು

ಹಾದುಹೋಗುವ ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ಅನ್ನು ಎರಡು ಕಿಟಕಿಯಲ್ಲಿ ಓಡಿಸಿ, ಒಂದು ಲ್ಯಾನ್0 ಮೇಲೆ, ಒಂದು ವ್ಯಾನ್0 ಮೇಲೆ. ಲ್ಯಾಪ್‌ಟಾಪಿನಿಂದ ಹೊಸ ಸಂಪರ್ಕ ಕೇಳಿ. ಲ್ಯಾನ್0ರಲ್ಲೇ ಏನೂ ಕಾಣದಿದ್ದರೆ ಲ್ಯಾಪ್‌ಟಾಪಿಗೆ ಗೇಟ್‌ವೇ ಯಾರೆಂದು ತಿಳಿದಿಲ್ಲ. ಲ್ಯಾನ್0ರಲ್ಲಿ ಕಂಡು ವ್ಯಾನ್0ರಲ್ಲಿ ಕಾಣದಿದ್ದರೆ ಫಾರ್ವರ್ಡ್ ಸ್ವಿಚ್ ಅಥವಾ ಫಿಲ್ಟರ್. ವ್ಯಾನ್0ರಲ್ಲಿ 192.168 ವಿಳಾಸವೇ ಕಂಡರೆ ನ್ಯಾಟ್ ನಿಯಮ ತಾಗಿಲ್ಲ, ಅಥವಾ ಹಳೆಯ ಸಾಲು ಉಳಿದಿದೆ. ವ್ಯಾನ್0ಕ್ಕೆ ಉತ್ತರ ಬಂದು ಲ್ಯಾನ್0ಕ್ಕೆ ದಾಟದಿದ್ದರೆ ಎಸ್ಟಾಬ್ಲಿಶ್ಡ್ ಅನುಮತಿಯ ಸಾಲು ಬಿಟ್ಟುಹೋಗಿದೆ. ಐಪಿ ವಿಳಾಸದಿಂದ ಹೋದರೆ ಕೆಲಸವಾಗಿ ಹೆಸರಿನಿಂದ ಆಗದಿದ್ದರೆ ತೊಂದರೆ ಡಿಎನ್‌ಎಸ್‌ನದು, ನ್ಯಾಟ್ ಅನ್ನು ಮುಟ್ಟಬೇಡಿ.

ಚಿಕ್ಕ ಪುಟಗಳು ಬಂದು ದೊಡ್ಡವು ಅರ್ಧಕ್ಕೆ ನಿಂತರೆ ಅದು ಬೇರೆಯೇ ಕಥೆ. ಪಿಪಿಪಿಒಇ ಲಾಗಿನ್ ಇರುವ ಸಂಪರ್ಕಗಳಲ್ಲಿ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ 1500 ಅಲ್ಲ, 1492 ಬೈಟ್. ಒಳಗಿನ ಯಂತ್ರಗಳಿಗೆ ಇದು ಗೊತ್ತಿರುವುದಿಲ್ಲ. ಸಂಪರ್ಕ ಶುರುವಾಗುವಾಗಲೇ ಟಿಸಿಪಿಯ ತುಂಡಿನ ಗಾತ್ರವನ್ನು 1452ಕ್ಕೆ ಇಳಿಸುವ ಒಂದು ಸಾಲನ್ನು ಫಾರ್ವರ್ಡ್ ಚೈನಿನಲ್ಲಿ ಬರೆದರೆ ಸರಿಹೋಗುತ್ತದೆ. ಎನ್‌ಎಫ್‌ಟೇಬಲ್ಸ್‌ನಲ್ಲಿ ‘ಮ್ಯಾಕ್ಸ್‌ಸೆಗ್ ಸೈಜ್ ಸೆಟ್ ಆರ್‌ಟಿ ಎಂಟಿಯು’ ಎಂದರೆ ಲೆಕ್ಕ ಅದೇ ಮಾಡಿಕೊಳ್ಳುತ್ತದೆ.

ವಿಡಿಯೋ ಕರೆಯಲ್ಲಿ ಒಂದೇ ಕಡೆಯ ದನಿ ಕೇಳಿಸುವುದಕ್ಕೆ ಹೆಚ್ಚಾಗಿ ಕಾರಣ, ಕೆಲವು ಪ್ರೋಟೋಕಾಲುಗಳು ತಮ್ಮ ವಿಳಾಸವನ್ನು ಮಾತಿನೊಳಗೇ ಬರೆದು ಕಳಿಸುವುದು. ನ್ಯಾಟ್ ಪ್ಯಾಕೆಟ್ಟಿನ ಮೇಲಿನ ವಿಳಾಸ ಬದಲಿಸುತ್ತದೆ, ಒಳಗೆ ಬರೆದದ್ದನ್ನಲ್ಲ. ಹಳೆಯ ಎಫ್‌ಟಿಪಿಯೂ ಹೀಗೇ. ಇವಕ್ಕೆ ಕರ್ನಲ್ಲಿನಲ್ಲಿ ಸಹಾಯಕ ಮಾಡ್ಯೂಲುಗಳಿವೆ, ಆದರೆ ಇಂದಿನ ಕರೆಯ ತಂತ್ರಾಂಶಗಳು ತಮ್ಮ ಹೊರವಿಳಾಸ ಯಾವುದೆಂದು ಸ್ಟನ್ ಸರ್ವರನ್ನು ಕೇಳಿ ತಿಳಿದುಕೊಳ್ಳುತ್ತವೆ.

ಕೊನೆಯದಾಗಿ ಐಪಿವಿ6. ಭಾರತದಲ್ಲಿ ಅದರ ಬಳಕೆ ಜಗತ್ತಿನ ಮುಂಚೂಣಿಯಲ್ಲಿದೆ, ನಿಮ್ಮ ಕಂಪನಿಯೂ ಕೊಡುತ್ತಿರುವ ಸಾಧ್ಯತೆ ಹೆಚ್ಚು. ಅಲ್ಲಿ ಪ್ರತಿ ಯಂತ್ರಕ್ಕೂ ತನ್ನದೇ ಸಾರ್ವಜನಿಕ ವಿಳಾಸ, ಮಾಸ್ಕರೇಡ್ ಬೇಕಿಲ್ಲ. ಮೇಲೆ ಬರೆದ ಫಾರ್ವರ್ಡ್ ಮತ್ತು ಇನ್‌ಪುಟ್ ಫಿಲ್ಟರುಗಳನ್ನು ‘ಐಪಿ’ ವರ್ಗದಲ್ಲಿ ಬರೆಯದೆ ‘ಐನೆಟ್’ ವರ್ಗದಲ್ಲಿ ಬರೆದರೆ ಅವೇ ನಿಯಮಗಳು ಐಪಿವಿ6ಕ್ಕೂ ಕಾವಲಾಗುತ್ತವೆ. ಇನ್‌ಪುಟ್‌ನಲ್ಲಿ ಐಸಿಎಂಪಿವಿ6ಕ್ಕೂ ಡಿಎಚ್‌ಸಿಪಿವಿ6ರ ಉತ್ತರಗಳಿಗೂ ಅನುಮತಿ ಸೇರಿಸಿ, ಅವಿಲ್ಲದೆ ಐಪಿವಿ6 ನಡೆಯುವುದಿಲ್ಲ. ನ್ಯಾಟ್ ಚೈನ್ ಮಾತ್ರ ‘ಐಪಿ’ ವರ್ಗದಲ್ಲಿ ಉಳಿಯಲಿ. ಇಲ್ಲೊಂದು ಬಲೆ ಇದೆ: ಐಪಿವಿ6 ಫಾರ್ವರ್ಡಿಂಗ್ ಹಾಕಿದ ಕೂಡಲೇ ಲಿನಕ್ಸ್ ತನ್ನನ್ನು ರೂಟರ್ ಎಂದು ಭಾವಿಸಿ, ಕಂಪನಿಯ ರೂಟರ್ ಕಳಿಸುವ ಪ್ರಕಟಣೆಗಳನ್ನು ಕೇಳುವುದನ್ನು ನಿಲ್ಲಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಗೇಟ್‌ವೇಯ ಡೀಫಾಲ್ಟ್ ದಾರಿಯೇ ಮಾಯವಾಗುತ್ತದೆ. ವ್ಯಾನ್0ರ ‘ಅಕ್ಸೆಪ್ಟ್_ಆರ್‌ಎ’ ಮೌಲ್ಯವನ್ನು 2 ಎಂದಿಟ್ಟರೆ ಅದು ಕೇಳುವುದನ್ನು ಮುಂದುವರಿಸುತ್ತದೆ. ಇದನ್ನೂ ಅದೇ ‘ಸಿಸ್‌ಸಿಟಿಎಲ್.ಡಿ’ ಫೈಲಿನಲ್ಲಿ ಬರೆದು, ಯಂತ್ರವನ್ನು ಒಮ್ಮೆ ಮರುಶುರು ಮಾಡಿ, ಫೋನಿನ ಮೊಬೈಲ್ ಡೇಟಾದಿಂದ ನಿಮ್ಮ ಎರಡೂ ಹೊರವಿಳಾಸಗಳ ಪೋರ್ಟುಗಳನ್ನು ಎನ್‌ಮ್ಯಾಪ್‌ನಲ್ಲಿ ಪರೀಕ್ಷಿಸಿ. ನೀವು ಬೇಕೆಂದು ತೆರೆದದ್ದನ್ನು ಬಿಟ್ಟು ಬೇರೇನೂ ಅಲ್ಲಿ ಕಾಣಬಾರದು.